ಹಾರ್ಡ್ ಡಿಸ್ಕ್ ಕೆಡುವ ಸೂಚನೆ ಕಂಡರೆ: ಮೊದಲು ಪ್ರತಿ, ಆಮೇಲೆ ರಿಪೇರಿ

ಅನೇಕ ಬಸದಿಗಳಲ್ಲಿ ಈಗ ಲೆಕ್ಕಪತ್ರ, ಶ್ರಾವಕ ಕುಟುಂಬಗಳ ಪಟ್ಟಿ, ಪಂಚಕಲ್ಯಾಣದ ಫೋಟೋ, ಕೆಲವೆಡೆ ಓಲೆಗರಿ ಗ್ರಂಥಗಳ ಸ್ಕ್ಯಾನ್ ಕೂಡ ಕಚೇರಿಯ ಒಂದೇ ಕಂಪ್ಯೂಟರಿನಲ್ಲಿವೆ. ಮನೆಗಳಲ್ಲೂ ಅಷ್ಟೇ, ತೀರಿಹೋದ ಹಿರಿಯರ ಫೋಟೋ ಇರುವುದು ಅದೊಂದರಲ್ಲೇ. ಹಾರ್ಡ್ ಡಿಸ್ಕ್ ಒಂದು ಯಂತ್ರ. ಅದರೊಳಗಿನ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತದೆ. ಯಂತ್ರವೆಂದ ಮೇಲೆ ಸವೆಯುತ್ತದೆ. ಎಷ್ಟೋ ಸಲ ಅದು ಸೂಚನೆ ಕೊಟ್ಟೇ ಕೆಡುತ್ತದೆ, ನಾವು ಗಮನಿಸುವುದಿಲ್ಲ.

ಯಾವ ಸೂಚನೆ? ನಿನ್ನೆಯವರೆಗೆ ಥಟ್ಟನೆ ತೆರೆಯುತ್ತಿದ್ದ ಫೋಲ್ಡರ್ ಇಂದು ಐದು ನಿಮಿಷ ತೆಗೆದುಕೊಳ್ಳುವುದು, ಫೋಟೋ ಅರ್ಧ ಬಂದು ಉಳಿದರ್ಧ ಬೂದು ಬಣ್ಣವಾಗುವುದು, ಟ್ಯಾಲಿಯಲ್ಲಿ ಡೇಟಾ ತೆರೆಯುವಾಗ ತಪ್ಪು ತೋರಿಸುವುದು, ನೀಲಿ ಪರದೆ ಬಂದು ಕಂಪ್ಯೂಟರ್ ತಾನೇ ಬಂದ್ ಆಗಿ ಶುರುವಾಗುವುದು. ಬರೀ ನಿಧಾನವಾದರೆ ವೈರಸ್ ಇರಬಹುದು, ಡಿಸ್ಕ್ ತುಂಬಿರಬಹುದು, ಕೇಬಲ್ ಸಡಿಲವಿರಬಹುದು. ಆದರೆ ಪೆಟ್ಟಿಗೆಯೊಳಗಿಂದ ಟಕ್ ಟಕ್ ಎಂದು ಒಂದೇ ಸಮ ಸದ್ದು ಬಂದರೆ ಅನುಮಾನ ಬೇಡ. ಓದುವ ಹೆಡ್ ಜಾಗ ಸಿಗದೆ ಹಿಂದೆ ಮುಂದೆ ಹೊಡೆದುಕೊಳ್ಳುತ್ತಿದೆ ಎಂದೇ ತಿಳಿಯಿರಿ.

ಸದ್ದಿಲ್ಲದಿದ್ದರೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶದಿಂದ ಡಿಸ್ಕಿನ ಆರೋಗ್ಯ ನೋಡಬಹುದು. ಅದನ್ನು ಪೆನ್ ಡ್ರೈವಿನಿಂದಲೇ ಓಡಿಸಿ, ಅನುಮಾನದ ಡಿಸ್ಕಿಗೆ ಹೊಸದೇನನ್ನೂ ಹಾಕಬೇಡಿ. ಹಳದಿ ಎಂದರೆ ಎಚ್ಚರಿಕೆ, ಕೆಂಪು ಎಂದರೆ ಕೆಟ್ಟಿದೆ. ಬದಲಿಸಿದ ಸೆಕ್ಟರ್, ಬಾಕಿ ಸೆಕ್ಟರ್ ಎಂಬ ಎಣಿಕೆ ದಿನದಿನಕ್ಕೂ ಏರುತ್ತಿದ್ದರೆ ಕಾಯುವ ಮಾತಿಲ್ಲ. ಚೆನ್ನಾಗಿದೆ ಎಂದು ತೋರಿಸಿದ ಡಿಸ್ಕೂ ಮರುದಿನ ನಿಂತದ್ದುಂಟು. ಆದ್ದರಿಂದ ಬಣ್ಣಕ್ಕಿಂತ ನಿಮ್ಮ ಕಿವಿಯನ್ನು ಹೆಚ್ಚು ನಂಬಿ.

ಈಗ ಮಾಡಬೇಕಾದದ್ದು. ಟಕ್ ಟಕ್ ಸದ್ದಿದ್ದರೆ ಕೂಡಲೇ ಕಂಪ್ಯೂಟರ್ ಬಂದ್ ಮಾಡಿ, ಮತ್ತೆ ಮತ್ತೆ ಹಾಕಿ ನೋಡಬೇಡಿ. ಪ್ರತಿ ಸಲ ಹಾಕಿದಾಗಲೂ ಹೆಡ್ ತಟ್ಟೆಯನ್ನು ಗೀರಬಹುದು. ಸದ್ದಿಲ್ಲದೆ ಬರೀ ನಿಧಾನವಿದ್ದರೆ ಬೇರೆ ಎಲ್ಲ ಕೆಲಸ ನಿಲ್ಲಿಸಿ, ಹೊರಗಿನ ಡಿಸ್ಕ್ ಜೋಡಿಸಿ ನಕಲು ಶುರುಮಾಡಿ. 'ಸಿ' ಯಿಂದ 'ಡಿ' ಗೆ ಹಾಕಿಟ್ಟಿದ್ದೇವೆ ಎನ್ನುವವರು ಬಹಳ. ಸಾಮಾನ್ಯವಾಗಿ ಅವೆರಡೂ ಒಂದೇ ಡಿಸ್ಕಿನ ಎರಡು ಕೋಣೆಗಳು, ಮನೆ ಬಿದ್ದರೆ ಎರಡೂ ಬೀಳುತ್ತವೆ. ಮತ್ತೆ ಸಿಗದ್ದನ್ನು ಮೊದಲು ತೆಗೆಯಿರಿ: ಟ್ಯಾಲಿ ಡೇಟಾ, ಕುಟುಂಬಗಳ ಪಟ್ಟಿ, ಗ್ರಂಥಗಳ ಸ್ಕ್ಯಾನ್, ಆಮೇಲೆ ಫೋಟೋ. ಭಜನೆ, ಸಿನಿಮಾ ಎಲ್ಲಿ ಬೇಕಾದರೂ ಸಿಗುತ್ತವೆ. ಯಾವುದಾದರೂ ಫೈಲ್ ಸಿಕ್ಕಿಕೊಂಡರೆ ಬಿಟ್ಟು ಮುಂದೆ ಹೋಗಿ, ಅದೊಂದಕ್ಕೆ ಹಟ ಹಿಡಿದು ಉಳಿದ ಸಾವಿರ ಕಳೆದುಕೊಳ್ಳಬೇಡಿ.

ಪ್ರತಿ ಮುಗಿಯುವ ತನಕ ಚೆಕ್ ಡಿಸ್ಕ್, ಡಿಫ್ರಾಗ್, ಫಾರ್ಮ್ಯಾಟ್, ವಿಂಡೋಸ್ ಮರುಸ್ಥಾಪನೆ ಯಾವುದೂ ಬೇಡ. ಇವೆಲ್ಲ ದಣಿದ ಡಿಸ್ಕನ್ನು ಇನ್ನಷ್ಟು ಓಡಿಸುತ್ತವೆ, ಕೆಲವು ಇದ್ದದ್ದನ್ನೂ ಅಳಿಸುತ್ತವೆ. ರಿಪೇರಿಗೆ ಕೊಡುವಾಗ "ಡೇಟಾ ಬೇಕು, ಫಾರ್ಮ್ಯಾಟ್ ಮಾಡಬಾರದು" ಎಂದು ರಸೀದಿಯಲ್ಲೇ ಬರೆಸಿ. ಅಂಗಡಿಯಲ್ಲಿ ಡಿಸ್ಕಿನ ಮುಚ್ಚಳ ಬಿಚ್ಚಲು ಬಿಡಬೇಡಿ, ಒಂದು ಧೂಳಿನ ಕಣ ಸಾಕು ಅದನ್ನು ಕೆಡಿಸಲು. ಬಿಚ್ಚುವುದಾದರೆ ಧೂಳಿಲ್ಲದ ವಿಶೇಷ ಕೋಣೆಯಿರುವ ಡೇಟಾ ರಿಕವರಿ ಸಂಸ್ಥೆಯಲ್ಲಿ ಮಾತ್ರ. ಅದು ದುಬಾರಿ, ಮೊದಲೇ ದರ ಕೇಳಿ. ಫ್ರಿಜ್ಜಿನಲ್ಲಿಡುವ ಸಲಹೆ ಇನ್ನೂ ಓಡಾಡುತ್ತಿದೆ, ತೇವ ಹೋಗಿ ಇದ್ದದ್ದೂ ಕೆಡುತ್ತದೆ. ವಾರಂಟಿಯಲ್ಲಿ ಹೊಸ ಡಿಸ್ಕ್ ಬರುತ್ತದೆ, ಡೇಟಾ ಬರುವುದಿಲ್ಲ.

ಹೊಸ ಕಂಪ್ಯೂಟರುಗಳ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವಿಲ್ಲ, ಆದ್ದರಿಂದ ಸದ್ದೂ ಇಲ್ಲ. ಒಂದು ದಿನ ಸುಮ್ಮನೆ ಕಾಣದೇ ಹೋಗಬಹುದು. ಅದಕ್ಕೆ ಮೊದಲೇ ಮಾಡಿಟ್ಟ ಪ್ರತಿಯೇ ಗತಿ.

ಪ್ರತಿ ಮಾಡಿಸುವುದು ನಮಗೆ ಹೊಸದಲ್ಲ. ಪೊನ್ನನ ಶಾಂತಿಪುರಾಣವನ್ನು ಅತ್ತಿಮಬ್ಬೆ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದು ಮಕ್ಕಳಿಗೂ ಗೊತ್ತು. ನಮಗೆ ಮೂರು ಸಾಕು: ಕಚೇರಿಯ ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಡಿಸ್ಕಿನಲ್ಲಿ ಒಂದು, ಖಜಾಂಚಿಗಳ ಮನೆಯಲ್ಲೋ ಕ್ಲೌಡಿನಲ್ಲೋ ಇನ್ನೊಂದು. ನಕಲು ಮುಗಿದ ಮೇಲೆ ಹೊರಗಿನ ಡಿಸ್ಕನ್ನು ಕಳಚಿಡಿ, ವೈರಸ್ ಬಂದರೆ ಜೋಡಿಸಿಟ್ಟದ್ದಕ್ಕೂ ಹರಡುತ್ತದೆ. ನಾಲ್ಕಾರು ಫೈಲ್ ತೆರೆದು ನೋಡದೆ ನಕಲಾಯಿತೆಂದು ನಂಬಬೇಡಿ. ಕೆಟ್ಟ ಡಿಸ್ಕನ್ನು ಗುಜರಿಗೆ ಹಾಗೆಯೇ ಕೊಡಬಾರದು, ಅದರಲ್ಲಿ ಶ್ರಾವಕರ ಆಧಾರ್, ಬ್ಯಾಂಕ್ ವಿವರಗಳಿರುತ್ತವೆ. ಪ್ರತಿಗಳು ಸರಿಯಿವೆಯೆಂದು ಖಾತ್ರಿಯಾದ ಮೇಲೆ ತಟ್ಟೆಗೆ ಡ್ರಿಲ್ಲಿನಿಂದ ತೂತು ಹೊಡೆಸಿಯೇ ಕೊಡಿ.