ಹಡಗಿನಲ್ಲಿ ಓದೋಕೆ ಎಷ್ಟು ಪುಸ್ತಕ ಸಾಕು?

ಈಗಿನ ವಿಹಾರದ ಹಡಗುಗಳಲ್ಲಿ ಈಜುಕೊಳ ಇರುತ್ತೆ, ನಾಟಕಮಂದಿರ ಇರುತ್ತೆ. ಲೈಬ್ರರಿ ಅಂತ ಬೋರ್ಡು ಹಾಕಿರೋ ಕಡೆ ಮಾತ್ರ ಎಷ್ಟೋ ಸಲ ಸಿಗೋದು ಹಿಂದಿನ ಪ್ರಯಾಣಿಕರು ಬಿಟ್ಟುಹೋದ ಒಂದಷ್ಟು ಪತ್ತೇದಾರಿ ಕಾದಂಬರಿಗಳು. 2004ರಲ್ಲಿ ಓಡಾಟ ಶುರು ಮಾಡಿದ ಕ್ವೀನ್ ಮೇರಿ 2ರಂತೆ ಸಾವಿರಾರು ಪುಸ್ತಕ ಇಟ್ಟುಕೊಂಡ ಹಡಗುಗಳು ಕಡಿಮೆ. ಹಾಗಾದರೆ ತಿಂಗಳುಗಟ್ಟಲೆ ದಡವೇ ಕಾಣದೆ ಹೋಗುತ್ತಿದ್ದ ಕಾಲದಲ್ಲಿ ಜನ ಏನು ಓದುತ್ತಿದ್ದರು? ಹುಡುಕುತ್ತಾ ಹೋದಾಗ ಒಂದೇ ಕಾಲದ ಎರಡು ಹಡಗುಗಳು ಸಿಕ್ಕವು.

ಮೊದಲನೆಯದು ಬೀಗಲ್. 1831ರ ಡಿಸೆಂಬರ್ 27ರಂದು ಇಂಗ್ಲೆಂಡ್ ಬಿಟ್ಟ ಈ ಹಡಗಿನ ಉದ್ದ ಸುಮಾರು 90 ಅಡಿ, ಅದರಲ್ಲಿ 70ಕ್ಕೂ ಹೆಚ್ಚು ಜನ. ಇಷ್ಟು ಇಕ್ಕಟ್ಟಿನಲ್ಲೂ ಕ್ಯಾಪ್ಟನ್ ಫಿಟ್ಜ್‌ರಾಯ್ ಸುಮಾರು 400 ಪುಸ್ತಕಗಳಿಗೆ ಜಾಗ ಮಾಡಿದ್ದ. ಹಡಗಿನ ಹಿಂಬದಿಯ ಒಂದು ಚಿಕ್ಕ ಕೋಣೆಯೇ ಲೈಬ್ರರಿ. ನಕ್ಷೆ ಬರೆಯುವ ಮೇಜೂ ಅಲ್ಲೇ, ರಾತ್ರಿ ಚಾರ್ಲ್ಸ್ ಡಾರ್ವಿನ್ ತೂಗುಮಂಚ ಕಟ್ಟಿಕೊಂಡು ಮಲಗುತ್ತಿದ್ದದ್ದೂ ಅಲ್ಲೇ! ವಿಶ್ವಕೋಶ, ಪ್ರವಾಸ ಕಥನ, ಪ್ರಾಣಿಶಾಸ್ತ್ರ, ಭೂವಿಜ್ಞಾನ... ಅಧಿಕಾರಿಗಳಿಗೆಲ್ಲ ಎರವಲು ಸಿಗುತ್ತಿತ್ತು.

ಹೊರಡುವ ಮುಂಚೆ ಫಿಟ್ಜ್‌ರಾಯ್ ಡಾರ್ವಿನ್ನನಿಗೆ ಲಯೆಲ್ ಬರೆದ ಭೂವಿಜ್ಞಾನದ ಮೊದಲ ಸಂಪುಟ ಕೊಟ್ಟಿದ್ದ. ನಿಧಾನಕ್ಕೆ, ಇಂದೂ ಕಣ್ಣೆದುರು ನಡೆಯುವಂಥ ಕಾರಣಗಳಿಂದಲೇ ಭೂಮಿ ರೂಪ ಬದಲಿಸುತ್ತೆ ಅನ್ನೋದು ಅದರ ವಾದ. ಎರಡನೆಯ ಸಂಪುಟ 1832ರ ನವೆಂಬರಿನಲ್ಲಿ ಮಾಂಟೆವಿಡಿಯೋ ಬಂದರಿನಲ್ಲಿ ಕೈಸೇರಿತು. 1835ರ ಫೆಬ್ರವರಿ 20ರಂದು ಚಿಲಿಯಲ್ಲಿ ಭಾರಿ ಭೂಕಂಪವಾಯಿತು. ಕಪ್ಪೆಚಿಪ್ಪುಗಳು ಅಂಟಿಕೊಂಡಿದ್ದ ಬಂಡೆಗಳು ನೀರಿನಿಂದ ಮೇಲೆದ್ದಿದ್ದವು. ಪುಸ್ತಕದಲ್ಲಿ ಓದಿದ್ದು ದಡದಲ್ಲಿ ಕಣ್ಣಿಗೇ ಬಿತ್ತು.

ಎರಡನೆಯ ಹಡಗಿನ ಹೆಸರು ಏಷ್ಯಾ. 1834ರ ಫೆಬ್ರವರಿಯಲ್ಲಿ ಇಂಗ್ಲೆಂಡ್ ಬಿಟ್ಟು ಜೂನ್‌ನಲ್ಲಿ ಮದ್ರಾಸ್ ಮುಟ್ಟಿತು. ಅದರಲ್ಲಿದ್ದವನು ಥಾಮಸ್ ಮೆಕಾಲೆ. ಊಟದ ಹೊತ್ತು ಬಿಟ್ಟರೆ ಯಾರ ಜೊತೆಯೂ ಹೆಚ್ಚು ಮಾತಿಲ್ಲ, ಬರೀ ಓದು. ಗ್ರೀಕ್, ಲ್ಯಾಟಿನ್, ಸ್ಪ್ಯಾನಿಷ್, ಇಟಾಲಿಯನ್, ಫ್ರೆಂಚ್, ಇಂಗ್ಲಿಷ್, ಆರು ಭಾಷೆಗಳಲ್ಲಿ! ಪುಸ್ತಕದ ಹುಚ್ಚಿರೋ ಯಾರಿಗಾದರೂ ಹೊಟ್ಟೆಕಿಚ್ಚಾಗಬೇಕು.

ಅಲ್ಲಿಂದ ಪಲ್ಲಕ್ಕಿಯಲ್ಲಿ ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರು ಹಾದು ಊಟಿಗೆ, ಗವರ್ನರ್ ಜನರಲ್ ಬೆಂಟಿಂಕ್‌ನನ್ನು ಕಾಣಲು ಹೋದ. ಮರುವರ್ಷ ಫೆಬ್ರವರಿ 2ರಂದು ತನ್ನ ಕುಖ್ಯಾತ ಟಿಪ್ಪಣಿ ಬರೆದ. ಒಳ್ಳೆಯ ಯುರೋಪಿಯನ್ ಲೈಬ್ರರಿಯ ಒಂದೇ ಒಂದು ಕಪಾಟಿನ ಸಾಲು ಭಾರತ ಮತ್ತು ಅರೇಬಿಯಾದ ಇಡೀ ಸಾಹಿತ್ಯಕ್ಕೆ ಸಮ ಅನ್ನೋ ಅರ್ಥದ ಮಾತು ಬಂದಿದ್ದು ಇದರಲ್ಲೇ. ತನಗೆ ಸಂಸ್ಕೃತ, ಅರಬ್ಬಿ ಬರೋಲ್ಲ ಅಂತಲೂ ಅದರಲ್ಲೇ ಒಪ್ಪಿಕೊಂಡಿದ್ದಾನೆ. ಇಲ್ಲಿನ ಆಡುಭಾಷೆಗಳಲ್ಲಿ ಸಾಹಿತ್ಯವೂ ಇಲ್ಲ ವಿಜ್ಞಾನವೂ ಇಲ್ಲ ಅಂತಲೂ ಬರೆದ. ಪಂಪ, ಕುಮಾರವ್ಯಾಸರ ಭಾಷೆಯ ಊರುಗಳನ್ನು ಹಾದುಹೋಗಿ ಆಗ ವರ್ಷವೂ ಆಗಿರಲಿಲ್ಲ.

ದಿನಾಂಕ ನೋಡಿ. ಫೆಬ್ರವರಿ 2ಕ್ಕೆ ಆ ಟಿಪ್ಪಣಿ, 20ಕ್ಕೆ ಚಿಲಿಯ ಭೂಕಂಪ. ಒಬ್ಬ ಹಡಗಿನಲ್ಲಿ ಓದಿದ್ದನ್ನು ದಡದ ಜೊತೆ ಹೋಲಿಸಿ ನೋಡಿದ. ಇನ್ನೊಬ್ಬ ತಾನು ಓದಿದ್ದನ್ನೇ ಅಳತೆಗೋಲು ಮಾಡಿಕೊಂಡು, ಓದದೇ ಇದ್ದದ್ದನ್ನೂ ಅಳೆದುಬಿಟ್ಟ. ನಾವು ಯಾವ ಭಾಷೆಯಲ್ಲಿ ಕಲಿಯಬೇಕು ಅನ್ನೋ ಜಗಳ ಇನ್ನೂ ಮುಗಿದಿಲ್ಲ.

ನಾವಿಕರು ಪುಸ್ತಕ ಸಾಲದ ಸಮಸ್ಯೆಯನ್ನು ಬೇರೆ ಥರ ಬಿಡಿಸಿಕೊಂಡರು. ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಸೇವಾಸಂಸ್ಥೆಯೊಂದು ಮರದ ಪೆಟ್ಟಿಗೆಗಳಲ್ಲಿ ಪುಸ್ತಕ ತುಂಬಿ ಹಡಗುಗಳಿಗೆ ಎರವಲು ಕೊಡುತ್ತಿತ್ತು. ಬ್ರಿಟನ್ನಿನಲ್ಲಿ 1919ರಲ್ಲಿ ಆಲ್ಬರ್ಟ್ ಮ್ಯಾನ್ಸ್‌ಬ್ರಿಜ್ ನಾವಿಕರ ಶಿಕ್ಷಣ ಸೇವೆ ಶುರುಮಾಡಿ ಹಡಗುಗಳಿಗೆ ಪುಸ್ತಕ ತಲುಪಿಸಿದ. ಓದಿ ಮುಗಿದದ್ದನ್ನು ಕೊಟ್ಟು ಬೇರೆಯದನ್ನು ತಗೊಳ್ಳೋದು, ಅಷ್ಟೇ ಉಪಾಯ.

ಬೀಗಲ್ ಲೈಬ್ರರಿ 1836ರ ನಂತರ ಚದುರಿಹೋಯಿತು, ಪಟ್ಟಿಯೂ ಉಳಿಯಲಿಲ್ಲ. ಡಾರ್ವಿನ್ನನ ಟಿಪ್ಪಣಿಗಳಂಥ ಸುಳಿವು ಹಿಡಿದು ವಿದ್ವಾಂಸರು ಅದನ್ನು ಮತ್ತೆ ಜೋಡಿಸಿದರು. 2014ರಲ್ಲಿ 404 ಸಂಪುಟ, 1,95,000ಕ್ಕೂ ಹೆಚ್ಚು ಪುಟಗಳು ಡಾರ್ವಿನ್ ಆನ್‌ಲೈನ್‌ನಲ್ಲಿ ಎಲ್ಲರಿಗೂ ಸಿಕ್ಕವು. ಈಗ ಅಷ್ಟೂ ಒಂದು ಪೆನ್ ಡ್ರೈವಿನಲ್ಲಿ ಹಿಡಿಸುತ್ತೆ :) ಜಾಗದ ಪ್ರಶ್ನೆ ಹೋಯಿತು. ಕಪಾಟಿನಲ್ಲಿ ಯಾವ ಯಾವ ಭಾಷೆ ಇರಬೇಕು ಅನ್ನೋ ಪ್ರಶ್ನೆ ಮಾತ್ರ ಹಾಗೇ ಇದೆ. ನಿಮ್ಮ ಪೆಟ್ಟಿಗೆಯಲ್ಲಿ ಏನೇನಿರುತ್ತೆ, ಹೇಳಿ.