ಮರಳುಗಾಡಿನ ಯಾತ್ರೆ: ನೀರಿದ್ದಲ್ಲಿ ದೇವರು

ರಾಜಸ್ತಾನದ ಬಿಕಾನೇರ್ ನಗರದಲ್ಲಿ ಭಾಂಡಾಸರ ಎಂಬ ಜೈನ ಬಸದಿಯಿದೆ. ಐದನೇ ತೀರ್ಥಂಕರ ಸುಮತಿನಾಥನಿಗೆ ಮೀಸಲಾದ ಈ ಬಸದಿಯನ್ನು ಕಟ್ಟಿಸಿದವನು ಭಾಂಡಾ ಶಾಹ ಎಂಬ ತುಪ್ಪದ ವ್ಯಾಪಾರಿ. ತಳಪಾಯದ ಗಾರೆ ಕಲಸಲು ಆತ ನೀರಿನ ಬದಲು 40 ಸಾವಿರ ಕೆ.ಜಿ. ತುಪ್ಪ ಸುರಿಸಿದನೆಂಬುದು ಐತಿಹ್ಯ. ಕಡುಬೇಸಿಗೆಯಲ್ಲಿ ಇಂದಿಗೂ ನೆಲದಿಂದ ತುಪ್ಪ ಜಿನುಗುತ್ತದೆ ಎಂದು ಊರಿನವರು ಹೇಳುವುದುಂಟು. ಕಥೆ ನಿಜವೋ ಸುಳ್ಳೋ, ಅದು ಬೇರೆ ಮಾತು. ನೀರಿಗಿಂತ ತುಪ್ಪವೇ ಸುಲಭ ಎಂಬ ಕಥೆ ಹುಟ್ಟಬೇಕಾದರೆ ಆ ನಾಡಿನಲ್ಲಿ ನೀರಿನ ಬೆಲೆ ಎಷ್ಟಿದ್ದಿರಬೇಕು!

ಥಾರ್ ಮರುಭೂಮಿಯ ದೇಗುಲಗಳನ್ನು ನೋಡಿಬರಲು ಹೊರಡುವವರು ಮೊದಲು ತಿಳಿಯಬೇಕಾದದ್ದು ಇದೇ. ಜೈಸಲ್ಮೇರ್ ಸೀಮೆಯಲ್ಲಿ ವರ್ಷಕ್ಕೆ 20 ಸೆಂ.ಮೀ. ಮಳೆ ಬಂದರೆ ಅದೇ ದೊಡ್ಡದು. ಇಂಥ ಕಡೆ ದೇವಸ್ಥಾನಗಳು ಮನಬಂದಲ್ಲಿ ಏಳಲಿಲ್ಲ. ಕೆರೆ, ಬಾವಿ ಇದ್ದಲ್ಲಿ ಒಂಟೆಗಳ ಸಾಲು ತಂಗುತ್ತಿತ್ತು. ಸಾಲು ತಂಗಿದಲ್ಲಿ ಪೇಟೆ ಬೆಳೆಯಿತು. ಪೇಟೆಯ ವರ್ತಕರು ಗುಡಿ ಕಟ್ಟಿಸಿದರು. ಇಂದು ಕಾರಿನಲ್ಲಿ ಸುತ್ತುವವರು ಸಾಗುವುದೂ ಬಹುಮಟ್ಟಿಗೆ ಆ ಹಳೆಯ ಜಾಡಿನಲ್ಲೇ.

ಐದಾರು ದಿನಗಳ ಸುತ್ತು

ಬಿಕಾನೇರ್‌ನಿಂದ ಹೊರಟು ಜೋಧಪುರದಲ್ಲಿ ಮುಗಿಸಲು ಐದಾರು ದಿನ ಬೇಕು. ಮೊದಲ ದಿನ ಬಿಕಾನೇರ್ ಮತ್ತು ಅಲ್ಲಿಗೆ 30 ಕಿ.ಮೀ. ದೂರದ ದೇಶ್ನೋಕ್. ಎರಡನೇ ದಿನ ಕೋಲಾಯತ್ ಸರೋವರ ನೋಡಿ, ಫಲೋದಿಯ ಮೂಲಕ ರಾಮದೇವ್ರಾ. ಮೂರನೇ ದಿನ ಪೋಖ್ರಾನ್ ದಾಟಿ ಜೈಸಲ್ಮೇರ್. ನಾಲ್ಕನೇ ದಿನ ಗಡಿಯಂಚಿನ ತನೋಟ್‌ಗೆ ಹೋಗಿ ಬರುವುದು. ಕೊನೆಯಲ್ಲಿ ಓಸಿಯಾ ಮಾರ್ಗವಾಗಿ ಜೋಧಪುರ.

ಹೊರಡುವ ಕಾಲವೂ ಮುಖ್ಯ. ಇದೇ ದಾರಿಯ ಫಲೋದಿಯಲ್ಲಿ 2016ರ ಮೇ 19ರಂದು ಉಷ್ಣಾಂಶ 51 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಹೀಗಾಗಿ ಅಕ್ಟೋಬರ್‌ನ ಕೊನೆಯಿಂದ ಫೆಬ್ರುವರಿವರೆಗಿನ ಅವಧಿಯೇ ಸೂಕ್ತ. ಆಗಲೂ ಹಗಲು ಬಿಸಿಲು, ರಾತ್ರಿ ಕೊರೆಯುವ ಚಳಿ, ಕಂಬಳಿ ಜೊತೆಗಿರಬೇಕು.

ಮಳೆಯ ಬೆನ್ನಿಗೆ ಜಾತ್ರೆ

ಆದರೆ ಕಾಲ್ನಡಿಗೆಯ ಯಾತ್ರಿಕರ ಪಂಚಾಂಗ ಬೇರೆ. ಪೋಖ್ರಾನ್‌ನಿಂದ 12 ಕಿ.ಮೀ. ದೂರದ ರಾಮದೇವ್ರಾದಲ್ಲಿ ಸಂತ ಬಾಬಾ ರಾಮದೇವರ ಸಮಾಧಿಯಿದೆ. ರಜಪೂತ ಮನೆತನದಲ್ಲಿ ಹುಟ್ಟಿ, ಜಾತಿಭೇದವನ್ನು ಬದಿಗಿಟ್ಟವರೆಂದು ಪ್ರಸಿದ್ಧರಾದ ಇವರ ಶಿಷ್ಯೆ ಡಾಲೀಬಾಯಿ ಮೇಘವಾಲ ಜಾತಿಯವಳು. ಮುಸ್ಲಿಮರು ಇವರನ್ನು ರಾಮ್ಸಾ ಪೀರ್ ಎಂದು ಕರೆಯುತ್ತಾರೆ. ಭಕ್ತರು ಬಟ್ಟೆಯಲ್ಲಿ ಮಾಡಿದ ಕುದುರೆಗಳನ್ನು ಹರಕೆಯಾಗಿ ಒಪ್ಪಿಸುತ್ತಾರೆ. ಸಮಾಧಿಯ ಮೇಲಿನ ಈಗಿನ ಮಂದಿರವನ್ನು ಬಿಕಾನೇರ್ ಮಹಾರಾಜ ಗಂಗಾಸಿಂಗ್ 1931ರಲ್ಲಿ ಕಟ್ಟಿಸಿದ.

ಇಲ್ಲಿ ಜಾತ್ರೆ ನಡೆಯುವುದು ಭಾದ್ರಪದದಲ್ಲಿ, ಮಳೆಗಾಲದ ಬೆನ್ನಿಗೆ. ನೂರಾರು ಮೈಲಿ ನಡೆದು ಬರುವವರಿಗೆ ದಾರಿಯ ಕೆರೆಗಳಲ್ಲಿ ನೀರು ಸಿಗುವ ಕಾಲವೆಂದರೆ ಅದೇ. ಗುಡಿಯ ಬಳಿ ಒಂದು ಮೆಟ್ಟಿಲುಬಾವಿ ಮತ್ತು ರಾಮಸರೋವರ ಎಂಬ ಕೆರೆ ಇವೆ. ಕೆರೆಯನ್ನು ಸ್ವತಃ ರಾಮದೇವರೇ ತೋಡಿಸಿದರೆಂಬುದು ಪ್ರತೀತಿ. ಪವಾಡಗಳ ಜೊತೆಗೆ ಕೆರೆ ತೋಡಿಸಿದ್ದನ್ನೂ ಸಂತನ ಖಾತೆಗೆ ಬರೆದಿಟ್ಟ ಜನ ಇವರು!

ಒಂದು ವಂಶ, ಮೂರು ರಾಜಧಾನಿ

ಭಾಟಿ ರಜಪೂತರ ಇತಿಹಾಸವೂ ಇದೇ ಹಾದಿಯಲ್ಲಿ ಹರಡಿಕೊಂಡಿದೆ. ಅವರ ಹಳೆಯ ರಾಜಧಾನಿ ತನೋಟ್, ಬಳಿಕ ಲೋದ್ರವಾ, 1156ರಲ್ಲಿ ರಾವಲ್ ಜೈಸಲ್ ಕಟ್ಟಿದ್ದು ಜೈಸಲ್ಮೇರ್. ಲೋದ್ರವಾದಲ್ಲಿ ಹಳೆಯ ವೈಭವಕ್ಕೆ ಸಾಕ್ಷಿಯಾಗಿ 17ನೇ ಶತಮಾನದಲ್ಲಿ ಜೀರ್ಣೋದ್ಧಾರಗೊಂಡ ಪಾರ್ಶ್ವನಾಥ ಬಸದಿ ನಿಂತಿದೆ. ಜೈಸಲ್ಮೇರ್ ಕೋಟೆಯೊಳಗಿನ ಹಳದಿ ಕಲ್ಲಿನ ಜೈನ ಬಸದಿಗಳು ವ್ಯಾಪಾರದಿಂದ ಬಂದ ಸಂಪತ್ತಿನ ಕುರುಹು. ಅಲ್ಲಿನ ಗ್ರಂಥ ಭಂಡಾರದಲ್ಲಿ ಶತಮಾನಗಳ ತಾಳೆಗರಿಗಳು ಉಳಿದುಬಂದಿವೆ.

ಆದರೆ ಈ ನಗರವನ್ನು ಬದುಕಿಸಿದ್ದು ಕೋಟೆಯ ಕೆಳಗಿರುವ ಗಡೀಸರ್ ಕೆರೆ. 14ನೇ ಶತಮಾನದಲ್ಲಿ ರಾವಲ್ ಗಡಸಿಯ ಹೆಸರು ಪಡೆದ ಈ ಕೆರೆಯೇ ನಲ್ಲಿ ಬರುವ ತನಕ ಊರಿನ ಕುಡಿಯುವ ನೀರಿನ ಆಸರೆ. ದಡದ ಹೆಬ್ಬಾಗಿಲನ್ನು ಕಟ್ಟಿಸಿದವಳು ಟೀಲೋ ಎಂಬ ನರ್ತಕಿಯಂತೆ. ಆಕೆ ಕಟ್ಟಿಸಿದ ಬಾಗಿಲಿನಡಿ ಅರಮನೆಯವರು ಹಾಯುವುದು ಅವಮಾನವೆಂದು ಅದನ್ನು ಕೆಡವುವ ಮಾತು ಎದ್ದಾಗ, ಆಕೆ ಮೇಲೆ ದೇವರ ವಿಗ್ರಹ ಇರಿಸಿ ಗುಡಿಯನ್ನಾಗಿಸಿದಳಂತೆ. ಗುಡಿಯನ್ನು ಕೆಡವುವವರಾರು? ಬಾಗಿಲು ಇಂದಿಗೂ ಹಾಗೆಯೇ ಇದೆ.

ಅಲ್ಲಿಂದ ಸುಮಾರು 120 ಕಿ.ಮೀ. ದೂರದ ತನೋಟ್ ಮಾತೆಯ ಗುಡಿಯನ್ನು ಗಡಿ ಭದ್ರತಾ ಪಡೆ ನೋಡಿಕೊಳ್ಳುತ್ತಿದೆ. 1965ರ ಯುದ್ಧದಲ್ಲಿ ಸುತ್ತ ಬಿದ್ದರೂ ಸಿಡಿಯದ ಶೆಲ್‌ಗಳನ್ನು ಒಳಗೆ ಪ್ರದರ್ಶನಕ್ಕೆ ಇಡಲಾಗಿದೆ. ಅವು ಸಿಡಿಯದಿದ್ದುದು ಮಾತೆಯ ಕೃಪೆಯೆಂದು ಯೋಧರ ನಂಬಿಕೆ. ಈ ದಾರಿಗೆ ಜೈಸಲ್ಮೇರ್‌ನಲ್ಲೇ ಪೆಟ್ರೋಲ್, ನೀರು ತುಂಬಿಸಿಕೊಳ್ಳುವುದು ಕ್ಷೇಮ.

ಹಿಂದಿರುಗುವಾಗ ಸಿಗುವ ಓಸಿಯಾದಲ್ಲಿ 8ರಿಂದ 12ನೇ ಶತಮಾನದವರೆಗಿನ ಹಿಂದೂ, ಜೈನ ದೇಗುಲಗಳ ಸಮೂಹವೇ ಇದೆ. ಓಸ್ವಾಲ್ ವರ್ತಕರ ಮೂಲ ಈ ಊರೆಂದು ಪ್ರತೀತಿ. ಕರ್ನಾಟಕದ ಪೇಟೆಗಳಲ್ಲಿ ಅಂಗಡಿ ಇಟ್ಟಿರುವ ಓಸ್ವಾಲ್ ಕುಟುಂಬಗಳಿಗೂ ಇಲ್ಲಿನ ಸಚಿಯಾ ಮಾತೆಯ ನಂಟು ತಪ್ಪಿದ್ದಲ್ಲ.

ದೇವರ ಹೆಸರಿನ ಕಾವಲು

ನೀರನ್ನು ಕಾಯಲು ಮರುಭೂಮಿಯ ಜನ ಕಂಡುಕೊಂಡ ಉಪಾಯವೇ ದೇವರು. ಕೆರೆಗೆ ನೀರು ಹರಿದುಬರುವ ಜಾಗಕ್ಕೆ ಅಲ್ಲಿ 'ಆಗೋರ್' ಎಂದು ಹೆಸರು. ಅಲ್ಲಿ ಹೊಲಸು ಮಾಡುವುದು ಪಾಪ. ಗುಡಿಯ ಸುತ್ತಲಿನ ಕುರುಚಲು ಕಾಡು 'ಓರಣ್'. ಕೊಡಗಿನ ದೇವರಕಾಡಿನಂತೆ ಅಲ್ಲಿ ಮರಕ್ಕೆ ಕೊಡಲಿ ಹಾಕುವಂತಿಲ್ಲ. ದನಕರು, ಒಂಟೆಗಳು ಮೇಯಬಹುದು. ಇಲಿಗಳ ಗುಡಿಯೆಂದು ಹೆಸರಾದ ದೇಶ್ನೋಕ್‌ನಲ್ಲಿ ಇಲಿಗಳನ್ನು ನೋಡಲು ನುಗ್ಗುವವರೇ ಹೆಚ್ಚು. ಊರಿನ ಸುತ್ತ ಕರ್ಣಿ ಮಾತೆಯ ಹೆಸರಿನಲ್ಲಿ ಉಳಿದಿರುವ ಬೋರೆಗಿಡಗಳ ಓರಣ್ ಅನ್ನು ಗಮನಿಸುವವರು ಕಡಿಮೆ.

ಈಗ ಕಾಲ ಬದಲಾಗಿದೆ. 1958ರಲ್ಲಿ ಕಾಮಗಾರಿ ಆರಂಭವಾದ ಇಂದಿರಾಗಾಂಧಿ ಕಾಲುವೆ ಪಂಜಾಬಿನ ನದಿಗಳ ನೀರನ್ನು ಜೈಸಲ್ಮೇರ್ ಸೀಮೆಗೂ ತಂದಿದೆ. ಮೈಲುಗಟ್ಟಲೆ ಕೊಡ ಹೊತ್ತ ಹೆಂಗಸರಿಗೆ ಇದು ದೊಡ್ಡ ಉಪಕಾರವೇ. ಆದರೆ ಮನೆಗೆ ನಲ್ಲಿ ಬಂದಂತೆ ಕೆರೆಯ ಹೂಳೆತ್ತುವ ಕೈಗಳು ಕಡಿಮೆಯಾದವು. ಇತ್ತ ಸೌರ ಮತ್ತು ಪವನ ವಿದ್ಯುತ್ ಯೋಜನೆಗಳ ಕಣ್ಣು ಓರಣ್‌ಗಳ ಮೇಲೆ ಬಿದ್ದಿದೆ. ಅನೇಕ ಓರಣ್‌ಗಳು ಸರ್ಕಾರಿ ದಾಖಲೆಯಲ್ಲಿ ಬರೀ ಪಾಳು ಜಮೀನು! ಅವುಗಳ ಉಳಿವಿಗಾಗಿ ಹಳ್ಳಿಗರು ಪಾದಯಾತ್ರೆ ಹೊರಟದ್ದೂ ಉಂಟು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಇಂಥ ದೇವರಕಾಡುಗಳನ್ನು ಗುರುತಿಸಿ ಅರಣ್ಯವೆಂದು ದಾಖಲಿಸುವಂತೆ ರಾಜಸ್ತಾನ ಸರ್ಕಾರಕ್ಕೆ ಸೂಚಿಸಿತು.

ಹೀಗಾಗಿ ಈ ಯಾತ್ರೆಯ ಪಟ್ಟಿಯಲ್ಲಿ ಗುಡಿಗಳ ಜೊತೆ ಕೆರೆ, ಬಾವಿ, ಓರಣ್‌ಗಳಿಗೂ ಜಾಗವಿರಲಿ. ಗರ್ಭಗುಡಿಯ ದರ್ಶನಕ್ಕೆ ಹತ್ತು ನಿಮಿಷ ಸಾಕು. ಆ ದೇವರು ಅಲ್ಲೇ ಏಕೆ ನೆಲೆಸಿದನೆಂದು ತಿಳಿಯಬೇಕಾದರೆ, ಗುಡಿಯಿಂದ ಹೊರಬಂದು ಕೆರೆಯ ದಂಡೆಯ ಮೇಲೆ ಅರ್ಧ ಗಂಟೆಯಾದರೂ ಕೂರಬೇಕು.