ಹೈದರಾಬಾದಿನ ಕ್ಲೋರೋಫಾರಂ ವಿಚಾರಣೆ
ಇಂದಿನ ಸುಲ್ತಾನ್ ಬಜಾರ್ ರೆಸಿಡೆನ್ಸಿ ಬಜಾರ್ ಎನಿಸಿಕೊಂಡಿದ್ದ ಕಾಲದಲ್ಲಿ, ಅದಕ್ಕೆ ಹೊಂದಿಕೊಂಡಿದ್ದ ಬ್ರಿಟಿಷ್ ಪ್ರತಿನಿಧಿಯ ನಿವಾಸವಾದ ರೆಸಿಡೆನ್ಸಿಯ ವೈದ್ಯನೂ ಹೈದರಾಬಾದ್ ವೈದ್ಯಕೀಯ ಶಾಲೆಯ ಮುಖ್ಯಸ್ಥನೂ ಆಗಿದ್ದ ಎಡ್ವರ್ಡ್ ಲಾರಿ, ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯ ಪ್ರಜ್ಞೆ ತಪ್ಪಿಸಲು ಮೂಸಿಸುತ್ತಿದ್ದ ಕ್ಲೋರೋಫಾರಂ ಎಂಬ ದ್ರವವು ಕೊಲ್ಲುವ ಬಗೆಯನ್ನು ಪರೀಕ್ಷಿಸಲು ಹೊರಟನು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಶ್ರಯದಲ್ಲಿ 1888ರಲ್ಲಿ ಮೊದಲ ಆಯೋಗವೂ, ‘ದಿ ಲ್ಯಾನ್ಸೆಟ್’ ಪತ್ರಿಕೆಯ ಪ್ರತಿನಿಧಿಯಾಗಿ ಲಂಡನ್ನಿನಿಂದ ಬಂದ ಥಾಮಸ್ ಲಾಡರ್ ಬ್ರಂಟನ್ ಭಾಗವಹಿಸಿದ 1889ರ ಎರಡನೆಯ ಆಯೋಗವೂ ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ, ಮೊದಲು ನಿಲ್ಲುವುದು ಉಸಿರಾಟವೇ ಹೊರತು ಹೃದಯವಲ್ಲ, ಆದ್ದರಿಂದ ನಾಡಿಗಿಂತ ಉಸಿರನ್ನೇ ಗಮನಿಸಬೇಕು ಎಂದು ತೀರ್ಮಾನಿಸಿದವು.

ಈ ತೀರ್ಮಾನ ಅಪೂರ್ಣವಾಗಿತ್ತು. ಲಘು ಅರಿವಳಿಕೆಯಲ್ಲಿಯೂ ಹೃದಯದ ಕೆಳಕೋಣೆಗಳು ಲಯತಪ್ಪಿ ಅದುರಿ ಹಠಾತ್ ಸಾವು ಸಂಭವಿಸಬಲ್ಲದೆಂದು ಎ. ಜಿ. ಲೆವಿ 1911ರಲ್ಲಿ ತೋರಿಸಿದನು. ಆದರೂ ವಿಷದ ವರ್ತನೆಯನ್ನು ಊಹೆಗೆ ಬಿಡದೆ ರಾಜ್ಯದ ಖರ್ಚಿನಲ್ಲಿ ಪರೀಕ್ಷಿಸಿ ಪ್ರಕಟಿಸಿದ್ದು, ಆಗ ಕಲಬುರಗಿ, ರಾಯಚೂರು, ಬೀದರ್‌ಗಳನ್ನೂ ಒಳಗೊಂಡಿದ್ದ ಹೈದರಾಬಾದ್ ಸಂಸ್ಥಾನದ ನಿಜವಾದ ಹಿರಿಮೆ. ವಿಷಗಳ ಬಗ್ಗೆ ಹೀಗೆ ಪರೀಕ್ಷಿಸಿ ತಿಳಿದ ಮಾಹಿತಿಯನ್ನು ವಿಷಸೇವನೆಯಾದವರಿಗೆ ಚಿಕಿತ್ಸೆ ನೀಡುವ ವೈದ್ಯರಿಗೆ ಒದಗಿಸುವ ವಿಷ ನಿಯಂತ್ರಣ ಕೇಂದ್ರವೆಂಬ ವ್ಯವಸ್ಥೆ ಷಿಕಾಗೋದಲ್ಲಿ ಆರಂಭವಾದದ್ದು 1953ರಲ್ಲಿ. ಭಾರತದಲ್ಲಿ, ಹಗಲಿರುಳೂ ದೂರವಾಣಿಯಲ್ಲಿ ಉತ್ತರಿಸುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರವು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ 1995ರಲ್ಲಿ ಸ್ಥಾಪನೆಯಾಯಿತು.